ತೊಗರಿ ಕುಡಿ ಚಿವುಟಲು ಯಾವುದು ವಾಸಿ: ಕೈಯೋ, ಕುಡುಗೋಲೋ, ಬ್ಯಾಟರಿ ಮಷೀನೋ?

ಔಷಧ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿಗೆ ವೈರ್ ಕೊಟ್ಟು ಓಡಿಸುವ ಮಷೀನೇ ವಾಸಿ ಅಂತ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಚಿವುಟಿದಷ್ಟು ನೀಟಾಗಿ ಅದು ಚಿವುಟುವುದಿಲ್ಲ. ಆದರೂ ಅದೇ.

ಕುಡಿ ಚಿವುಟುವುದಕ್ಕೆ ಕಾಲ ಬಹಳ ಕಡಿಮೆ. ಬಿತ್ತಿದ 45ರಿಂದ 60 ದಿನದೊಳಗೆ ತುದಿಯ 5-6 ಸೆಂ.ಮೀ. ತೆಗೆದರೆ ಪಕ್ಕದ ಟೊಂಗೆಗಳು ಒಡೆದು ಕಾಯಿ ಹಿಡಿಯುವ ಜಾಗ ಹೆಚ್ಚುತ್ತದೆ. ಜೂನ್ ಕೊನೆಯ ಬಿತ್ತನೆಗೆ ಲೆಕ್ಕ ಹಾಕಿದರೆ ಅದು ಬರುವುದು ಆಗಸ್ಟ್ ಎರಡನೇ ಅರ್ಧಕ್ಕೆ. ಹೆಸರುಕಾಳಿನ ಕಾಯಿ ಬಿಡಿಸುವುದೂ ಆಗಲೇ. ಕಲಬುರಗಿ ಜಿಲ್ಲೆಯ ಆಳಂದದಿಂದ ಸೇಡಂವರೆಗೆ ಎಲ್ಲಿ ಕೇಳಿದರೂ ಹೆಣ್ಣಾಳು ಹೆಸರಿನ ಹೊಲದಲ್ಲಿ! ಹಾಗಂತ ತಡ ಮಾಡಿದರೆ, ಟಿಎಸ್-3ಆರ್‌ನಂಥ ಬೇಗ ಬರುವ ತಳಿಯಲ್ಲಿ ಮೊಗ್ಗು ಹೊರಬೇಕಾದ ಟೊಂಗೆಯನ್ನೇ ಕತ್ತರಿಸಿ ಹಾಕಿದಂತಾಗುತ್ತದೆ.

ಕೈಯಿಂದ ಚಿವುಟುವುದರಲ್ಲಿ ಒಂದು ಲಾಭ ಮಾತ್ರ ಮಷೀನಿಗೆ ಎಂದೂ ಬರುವುದಿಲ್ಲ. ಗಿಡ ಮೊಣಕಾಲುದ್ದ ಇರಲಿ, ಸೊಂಟದುದ್ದ ಇರಲಿ, ಬೆರಳು ಎಳೆ ಕುಡಿಯನ್ನಷ್ಟೇ ಹಿಡಿಯುತ್ತದೆ. ಮಷೀನು ಒಂದೇ ಎತ್ತರದಲ್ಲಿ ಸಾಗುವುದರಿಂದ ಗಿಡ್ಡ ಗಿಡ ಉಳಿದುಬಿಡುತ್ತದೆ, ಎತ್ತರದ್ದು ಗೇಣುದ್ದ ಹೋಗುತ್ತದೆ. ಮಳೆ ನಿಂತು ಮತ್ತೆ ಬಂದು, ಹೊಲದಲ್ಲಿ ಎರಡು ಹಂತದಲ್ಲಿ ಮೊಳೆತು ಗಿಡ ಎದ್ದಿದ್ದರೆ ಕೈಯೇ ಸರಿ.

ಕುಡುಗೋಲು ಬೇಡ. ಬೀಸುವ ಕೈ ಸೋತಷ್ಟೂ ಕೆಳಗೆ ಬೀಳುತ್ತದೆ.

ಹಿಡಿಯಲ್ಲೇ ಬ್ಯಾಟರಿ ಇರುವ ಮಷೀನು ಹಗುರ, ವೈರಿನ ರಗಳೆ ಇಲ್ಲ. ಆದರೆ ಚಾರ್ಜ್ ಮುಗಿದರೆ ಕೂತು ಕಾಯಬೇಕು, ಬ್ಯಾಟರಿ ಸತ್ತರೆ ಅದೇ ಅಳತೆಯದನ್ನು ಹುಡುಕಬೇಕು. ಪಂಪಿನ ಬ್ಯಾಟರಿ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ವೈರಿನ ಮಷೀನಿನ ಕಾಟ. ಅಂಗಡಿಯವರು ಅದರ ಪಿನ್ನನ್ನು ಪಂಪಿನ ಚಾರ್ಜಿಂಗ್ ಸಾಕೆಟ್ಟಿಗೇ ಚುಚ್ಚಿ ತೋರಿಸುತ್ತಾರೆ. ಅಂಗಡಿಯಲ್ಲಿ ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ, ಅಲ್ಲಿ ಎಲ್ಲ ಸರಿ. ಹೊಲದಲ್ಲಿ ತೊಗರಿಯ ನಾರು ಬ್ಲೇಡಿಗೂ ಮೋಟಾರಿಗೂ ನಡುವಿನ ಸಂದಿಗೆ ಸುತ್ತಿಕೊಂಡಿತೋ, ಮೋಟಾರು ಬಿಗಿಯಾಗಿ ಒಮ್ಮೆಲೇ ಹತ್ತಾರು ಆಂಪಿಯರ್ ಎಳೆಯುತ್ತದೆ. ಆ ಸಾಕೆಟ್ಟಿನ ವೈರು ಚಾರ್ಜ್ ಮಾಡುವ ಸಣ್ಣ ಕರೆಂಟಿಗೆ ಹಾಕಿದ್ದು. ಪಿನ್ನು ಬಿಸಿಯಾಗಿ ಸಡಿಲಾಗುತ್ತದೆ, ಮಷೀನು ನಿಂತು ನಿಂತು ಓಡುತ್ತದೆ, ಕೊನೆಗೆ ಸಾಕೆಟ್ಟೇ ಕರಗುತ್ತದೆ. ಆಮೇಲೆ ಪಂಪಿಗೂ ಚಾರ್ಜ್ ಇಲ್ಲ!

ಸಾಕೆಟ್ಟಿನ ಗೊಡವೆಗೇ ಹೋಗಬೇಡಿ. ಪಂಪಿನ ತಳದ ಮುಚ್ಚಳ ಬಿಚ್ಚಿ ಬ್ಯಾಟರಿಯ ಎರಡೂ ಟರ್ಮಿನಲ್‌ನಿಂದ 1.5 ಚದರ ಮಿ.ಮೀ. ವೈರನ್ನು ನೇರವಾಗಿ ಹೊರಗೆ ತನ್ನಿ. ಕೆಂಪು ವೈರಿನಲ್ಲಿ, ಬ್ಯಾಟರಿಗೆ ಹತ್ತಿರವೇ, ಬೈಕಿಗೆ ಹಾಕುವ 10 ಆಂಪಿಯರ್ ಫ್ಯೂಸ್ ಇರಲಿ. ವೈರು ಟರ್ಮಿನಲ್ಲಿಗೆ ಸುತ್ತುವುದಲ್ಲ, ಲಗ್ (ವೈರಿನ ತುದಿಗೆ ಒತ್ತಿ ಕೂಡಿಸುವ ಲೋಹದ ತುಂಡು) ಹಾಕಿ ಕೂಡಿಸಬೇಕು. ನಾರಿಗೆ ಮದ್ದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ: ಗುಂಡಗೆ ಕತ್ತರಿಸಿ, ನಡುವೆ ತೂತು ಕೊರೆದು ಬ್ಲೇಡಿನ ಹಿಂದೆ ಕೂಡಿಸಿದರೆ ಸಂದಿ ಮುಚ್ಚುತ್ತದೆ. ಆದರೂ ಸಾಲಿನ ಕೊನೆಗೆ ಒಮ್ಮೆ ನೋಡಿ, ವೈರು ಕಳಚಿಯೇ ಕೈ ಹಾಕಿ. ಬ್ಲೇಡು ಮೊಂಡಾದರೆ ಕುಡಿ ಕತ್ತರಿಸದೆ ಸೀಳುತ್ತದೆ, ನಾರು ಸುತ್ತುವುದೂ ಆಗಲೇ ಹೆಚ್ಚು.

ಮೂರಡಿ ಸಾಲಿನ ಒಂದು ಎಕರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ನಡಿಗೆ. 8 ಆಂಪಿಯರ್-ಅವರ್ ಬ್ಯಾಟರಿ ಎಕರೆ ಮುಗಿಯುವ ಹೊತ್ತಿಗೆ ಸುಸ್ತಾಗಿರುತ್ತದೆ. 12ರದ್ದು ಭಾರ, ಆದರೆ ನಿಶ್ಚಿಂತೆ. ಮಂಜು ಆರಿದ ಮೇಲೆ ಶುರು ಮಾಡಿ, ಒದ್ದೆ ಎಲೆ ಬ್ಲೇಡಿನ ಗಾರ್ಡಿಗೆ ಅಂಟುತ್ತದೆ. ಮಳೆ ತಡೆದು ಮಧ್ಯಾಹ್ನ ಗಿಡ ಬಾಡುತ್ತಿದ್ದರೆ ಆ ವಾರ ಯಾವುದೂ ಬೇಡ. ಹೂ ಉದುರುವುದಕ್ಕೂ ಕುಡಿ ಚಿವುಟುವುದಕ್ಕೂ ಸಂಬಂಧವಿಲ್ಲ. ಅದಕ್ಕೆ ಹೂವಾಡುವಾಗ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣವನ್ನು ಲೀಟರ್ ನೀರಿಗೆ 10 ಗ್ರಾಂ ಬೇರೆಯೇ ಹೊಡೆಯಬೇಕು.

ಪಂಪು ಮನೆಯಲ್ಲಿದ್ದು ನಾಲ್ಕೈದು ಎಕರೆ ತೊಗರಿ ಹಾಕುವವರಿಗೆ ವೈರಿನ ಮಷೀನಿನ ದುಡ್ಡು ಒಂದೇ ಹಂಗಾಮಿನ ಕೂಲಿಯಲ್ಲಿ ಮರಳುತ್ತದೆ. ಎರಡು ಎಕರೆಯೊಳಗಿದ್ದು ಮನೆಮಂದಿಯೇ ಹೊಲಕ್ಕಿಳಿಯುವುದಾದರೆ ಕೈಯೇ ಸಾಕು, ಆ ದುಡ್ಡು ಬೀಜೋಪಚಾರಕ್ಕೆ ಇರಲಿ. ಮಷೀನು ಕೊಂಡವರು ಹಂಗಾಮು ಮುಗಿದ ಮೇಲೂ ತಿಂಗಳಿಗೊಮ್ಮೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡಿ. ಖಾಲಿ ಬಿಟ್ಟ ಸೀಸದ ಬ್ಯಾಟರಿ ಮುಂದಿನ ಆಗಸ್ಟ್‌ಗೆ ಏಳುವುದಿಲ್ಲ.