ಹೈವೇ ಪಕ್ಕದ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ

ಶಿವಮೊಗ್ಗದ ಸುತ್ತ ಮನೆ ಹುಡುಕುವವರಿಗೆ ಬ್ರೋಕರ್‌ಗಳು ಮೊದಲು ತೋರಿಸುವುದೇ ಮೇನ್ ರೋಡಿನ ಪಕ್ಕದ್ದು. "ಬಸ್ಸು ಬಾಗಿಲಲ್ಲೇ ನಿಲ್ಲುತ್ತೆ ಸಾರ್, ಏರ್‌ಪೋರ್ಟ್ ಬೇರೆ ಬಂತು, ನಾಳೆ ರೇಟು ಡಬಲ್" ಅಂತ ಶುರು ಮಾಡುತ್ತಾರೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಎಲ್ಲಾ ಜಾಗಕ್ಕೂ ಇದೇ ಮಂತ್ರ. ಸೋಗಾನೆ ಇರುವುದು ಊರಿನ ಒಂದು ದಿಕ್ಕಿಗೆ, ಸಾಗರ ರಸ್ತೆ ಇನ್ನೊಂದು ದಿಕ್ಕಿಗೆ. ಆದರೂ ಸಾಗರ ರಸ್ತೆಯ ಮನೆಗೂ ಏರ್‌ಪೋರ್ಟಿನ ಹೆಸರು ಹೇಳುತ್ತಾರೆ.

ನಮ್ಮ ಅಕ್ಕ-ಭಾವ ಕೊಂಡಿದ್ದು ಆ ಸಾಗರ ರಸ್ತೆಯಲ್ಲೇ. ಊರಿನ ಹೆಸರು ಬೇಡ. ನಾನೂ ಅವರ ಜೊತೆ ಇದ್ದು ಶಿವಮೊಗ್ಗಕ್ಕೆ ಕೆಲಸಕ್ಕೆ ಓಡಾಡುತ್ತಿದ್ದೆ. ಮನೆ ಚೆನ್ನಾಗಿಯೇ ಇತ್ತು: ಆರ್‌ಸಿಸಿ, ಮುಂದೆ ಅಗಲವಾದ ಪೋರ್ಟಿಕೋ, ಹಿತ್ತಿಲಲ್ಲಿ ಬಾವಿ, ತೆಂಗಿನ ಮರಗಳು. ಒಳಗಿನ ಕೇರಿಯಲ್ಲಿ ಅಷ್ಟೇ ದೊಡ್ಡ ಮನೆಗೆ ಕೇಳುತ್ತಿದ್ದ ಬೆಲೆಗಿಂತ ಕಡಿಮೆ. ಮಾರುವವರು ಕರೆದು ತೋರಿಸುತ್ತಿದ್ದುದೆಲ್ಲ ಮಧ್ಯಾಹ್ನ ಊಟದ ಹೊತ್ತಿಗೆ. ಆ ಹೊತ್ತಿನಲ್ಲಿ ಎಂಥ ಹೈವೇಯೂ ಸಾಧುವಾಗಿರುತ್ತೆ ಮಾರಾಯ್ರೆ.

ರಾತ್ರಿಯ ಕಥೆಯೇ ಬೇರೆ. ಊಟ ಮುಗಿಸಿ ಚಾಪೆ ಬಿಡಿಸುವ ಹೊತ್ತಿಗೆ ಸಾಗರದಿಂದ ಬೆಂಗಳೂರಿಗೆ ಹೊರಟ ಸ್ಲೀಪರ್ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಅವು ಮುಗಿದವು ಅನ್ನುವಾಗ ಹೊನ್ನಾವರದ ಕಡೆಯಿಂದ ಮೀನಿನ ಲಾರಿ. ಬೆಳಗಿನ ಜಾವ ಅದೇ ಬಸ್ಸುಗಳು ವಾಪಸ್. ನಡುವೆ ಸಿಗುವ ಒಂದೆರಡು ಗಂಟೆ ನಿದ್ದೆಗೂ ಹಂಪ್ ಅಡ್ಡ.

ಈ ಹಂಪ್ ಬಗ್ಗೆ ಸ್ವಲ್ಪ ಹೇಳಬೇಕು. "ಮನೆ ಎದುರೇ ಹಂಪ್ ಇದೆ, ಮಕ್ಕಳು ಮರಿಗೆ ಭಯ ಇಲ್ಲ" ಎಂದು ಮಾರಿದವರು ಅದನ್ನೇ ದೊಡ್ಡ ಸೌಕರ್ಯ ಮಾಡಿ ಹೇಳಿದ್ದರು. ಲೋಡ್ ಇರುವ ಲಾರಿ ಹಂಪ್ ದಾಟುವಾಗ ಗುರ್ ಅನ್ನುತ್ತೆ, ಅಷ್ಟೇ. ಖಾಲಿ ಲಾರಿ ಬಂದರೆ ಹಿಂದಿನ ಡೋರು, ಸರಪಳಿ, ಬಾಡಿ ಎಲ್ಲ ಸೇರಿ ಢಣಾರ್ ಅನ್ನುತ್ತೆ. ಆಮೇಲೆ ಮತ್ತೆ ಗೇರು ಹಾಕಿ ಎಳೆಯುವ ಸದ್ದು. ಅಡುಗೆಮನೆ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಕ್ಕ ಕಡೆಕಡೆಗೆ ಮಲಗುವ ಮುಂಚೆ ಲೋಟಗಳ ಸಂದಿಯಲ್ಲಿ ಹಳೇ ಬಟ್ಟೆ ತುರುಕುತ್ತಿದ್ದಳು. ಹಂಪ್ ತೆಗೆಸಿ ಎಂದು ಅರ್ಜಿ ಬರೆಯಲು ಕೂತರೆ ಊರವರೇ ಜಗಳಕ್ಕೆ ಬಂದರು. ಅದನ್ನು ಹಾಕಿಸಿದ್ದು ಶಾಲೆ ಮಕ್ಕಳಿಗೋಸ್ಕರ. ಅವರು ಹೇಳುವುದೂ ಸರಿಯೇ.

ಕಾನೂನು ಇಲ್ಲವಾ ಅಂದರೆ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಧ್ವನಿವರ್ಧಕ ಹಾಕಿದವರ ಮೇಲೆ ದೂರು ಕೊಡಬಹುದು. ಹೆದ್ದಾರಿಯಲ್ಲಿ ಹೋಗುವ ಸಾವಿರ ಗಾಡಿಯಲ್ಲಿ ಯಾರ ಮೇಲೆ ಕೊಡುತ್ತೀರಿ?

ಸದ್ದು ತಡೆಯುವ ಉಪಾಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ದಾಸವಾಳದ ಬೇಲಿ ಹಾಕಿ ಅನ್ನುತ್ತಾರೆ. ಒಂದು ಸಾಲು ಗಿಡದಿಂದ ಲಾರಿ ಕಾಣದೆ ಹೋಗಬಹುದು, ಕೇಳದೆ ಹೋಗುವುದಿಲ್ಲ. ಮನೆ ಸ್ವಲ್ಪ ಹಿಂದಕ್ಕಿದೆಯಲ್ಲ ಅನ್ನುತ್ತಾರೆ. ಗಾಡಿ ಬಿಡದೆ ಓಡುವ ರಸ್ತೆಯಿಂದ ದೂರ ಎರಡು ಪಟ್ಟಾದರೂ ಸದ್ದು ಇಳಿಯುವುದು ಸುಮಾರು ಮೂರು ಡೆಸಿಬಲ್. ಹತ್ತು ಮೀಟರಿನಿಂದ ಇಪ್ಪತ್ತಕ್ಕೆ ಸರಿದರೆ ಕಿವಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಎತ್ತರದ ಕಾಂಪೌಂಡ್ ಗೋಡೆ ಕೆಳಗಿನ ಕೋಣೆಗೆ ಒಂದಿಷ್ಟು ಆಸರೆ, ಮಹಡಿಗೆ ಅದೂ ಇಲ್ಲ. ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ, ಮಲಗುವ ಕೋಣೆಯನ್ನು ಹಿತ್ತಿಲ ಕಡೆಗೆ ಮಾಡಿಕೊಂಡದ್ದು. ಮನೆಯೇ ಗೋಡೆಯ ಹಾಗೆ ಅಡ್ಡ ನಿಲ್ಲುತ್ತೆ.

ಭಾವ ಮುಂದಿನ ಕಿಟಕಿಗಳಿಗೆಲ್ಲ ಡಬಲ್ ಗ್ಲಾಸ್ ಹಾಕಿಸಿದರು. ಮುಚ್ಚಿದರೆ ಸದ್ದು ಕಡಿಮೆಯಾದದ್ದು ಹೌದು. ಆದರೆ ಇದು ಮಲೆನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಟ್ಟರೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀರುವಿನೊಳಗಿನ ರೇಷ್ಮೆ ಸೀರೆ, ಭಾವನ ಬೆಲ್ಟು, ಗೋಡೆಯ ಮೂಲೆ ಎಲ್ಲದಕ್ಕೂ ಬೂಷ್ಟು. ತೆರೆದರೆ ಲಾರಿ, ಮುಚ್ಚಿದರೆ ಬೂಷ್ಟು. ಗಾಜು ಮಾರಿದವರು ಇದನ್ನು ಹೇಳಲಿಲ್ಲ, ಅವರು ಬಯಲುಸೀಮೆಯವರು ಅಂತ ಕಾಣುತ್ತೆ. ಮಳೆಯಲ್ಲಿ ಇನ್ನೊಂದು ವಿಷಯ: ಒದ್ದೆ ರಸ್ತೆಯ ಮೇಲೆ ಟಯರಿನ ಸದ್ದು ಒಣ ರಸ್ತೆಗಿಂತ ಜೋರು. ಅದರ ಮೇಲೆ ಜೋಗಕ್ಕೆ ಹೋಗುವವರ ಶನಿವಾರ-ಭಾನುವಾರದ ಜಾತ್ರೆ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದಿದೆ, ಲಾಂಚಿಗೆ ಕಾಯಬೇಕಲ್ಲ ಎಂದು ಹಿಂದೆಮುಂದೆ ನೋಡುತ್ತಿದ್ದವರೂ ಈಗ ಕಾರು ತೆಗೆಯುತ್ತಾರೆ.

ತೀರ್ಥಹಳ್ಳಿ, ಹೊಸನಗರದ ಕಡೆ ನೋಡುತ್ತಿರುವವರು ಘಾಟಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸಿದರೆ ಆ ಲಾರಿಗಳೆಲ್ಲ ಮಾಸ್ತಿಕಟ್ಟೆ, ಹುಲಿಕಲ್ ದಾರಿ ಹಿಡಿಯುತ್ತವೆ. ಬೇಸಿಗೆಯಲ್ಲಿ ನೋಡಿ ಮೆಚ್ಚಿದ ರಸ್ತೆ ಆಷಾಢದಲ್ಲಿ ಹಾಗೇ ಇರುತ್ತೆ ಅಂತ ಯಾರೂ ಬರೆದುಕೊಡುವುದಿಲ್ಲ.

ಬೇಸಿಗೆಯಲ್ಲಿ ಧೂಳು. ಅಕ್ಕ ತಾರಸಿಯ ಮೇಲೆ ಹಲಸಿನ ಹಪ್ಪಳ ಒಣಗಿಸಿ ಕರಿದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಕರಕರ. ಮಾರನೇ ವರ್ಷ ಹಪ್ಪಳ ಮಾಡುವುದನ್ನೇ ಬಿಟ್ಟಳು.

ಇದನ್ನೆಲ್ಲ ಹೇಗೋ ಸಹಿಸಿಕೊಂಡು ಇರಬಹುದಿತ್ತು. ಅಷ್ಟರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಳತೆ ಹಾಕಿದಾಗ ಪೋರ್ಟಿಕೋ ಪೂರ್ತಿ, ಕಾಂಪೌಂಡ್ ಪೂರ್ತಿ ನಿಂತಿದ್ದು ರಸ್ತೆಯ ಜಾಗದಲ್ಲಿ. ಮಾರಿದವರು ಕಟ್ಟುವಾಗಲೇ ಮುಂದಕ್ಕೆ ಚಾಚಿಕೊಂಡಿದ್ದರು. ಕ್ರಯಪತ್ರದಲ್ಲಿ ಇರುವ ಜಾಗಕ್ಕೆ ಪರಿಹಾರ ಕೇಳಬಹುದು, ಒತ್ತುವರಿಗೆ ಏನಂತ ಕೇಳುವುದು? ಜೆಸಿಬಿ ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿತು. ಆಮೇಲೆ ಜಲ್ಲಿ, ಡಾಂಬರು ಬಿದ್ದು ರಸ್ತೆ ಮೇಲೆದ್ದಿತು, ಮನೆ ತಗ್ಗಿಗೆ ಬಿತ್ತು. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಬಾಗಿಲಿಗೆ ಈಗ ರಸ್ತೆಯಿಂದ ಇಳಿದು ಹೋಗಬೇಕು. ಪುನರ್ವಸು ಮಳೆಗೆ ಚರಂಡಿ ಕಟ್ಟಿ ನೀರು ಸೀದಾ ಹಾಲ್‌ಗೆ ನುಗ್ಗಿತು.

ಸುಳಿವು ಮೊದಲೇ ಇತ್ತು ಅನ್ನುವುದು ಹೊಟ್ಟೆ ಉರಿಸುವ ವಿಷಯ. ಮನೆ ತೋರಿಸುವಾಗ ಕಾಂಪೌಂಡ್‌ಗೆ ಹೊಸ ಬಣ್ಣ ಬಳಿದಿದ್ದರು. ಆದರೆ ಗೇಟಿನ ಪಕ್ಕದ ಮಾವಿನ ಮರದ ಕಾಂಡದ ಮೇಲೆ ಬಿಳಿ ಪಟ್ಟಿ, ಅದರೊಳಗೆ ಕೆಂಪು ಅಕ್ಷರದಲ್ಲಿ ನಂಬರ್ ಹಾಗೇ ಉಳಿದಿತ್ತು. ಎದುರಿನ ಟೀ ಅಂಗಡಿ ಅಜ್ಜ ಆಮೇಲೆ ಹೇಳಿದರು: "ಅದು ರೋಡಿನವರು ಎಣಿಸಿ ಹೋದದ್ದು ಮಾರಾಯಾ. ನಮ್ಮನ್ನ ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ." ರಸ್ತೆ ಬದಿಯ ಮನೆ ನೋಡಲು ಹೋದವರು ಮನೆಯ ಒಳಗಿನ ಟೈಲ್ಸ್ ನೋಡುವ ಮೊದಲು ಆಚೀಚೆ ನಡೆದು ಮರ, ಮೋರಿ, ಗೋಡೆಗಳ ಮೇಲೆ ನಂಬರ್, ಬಾಣದ ಗುರುತು, ಹೊಸ ಸರ್ವೆ ಕಲ್ಲು ಇದೆಯಾ ನೋಡಿ. ಎದುರಿನ ಅಂಗಡಿಯಲ್ಲಿ ಕೂತು ಒಂದು ಟೀ ಕುಡಿಯಿರಿ.

ಕಾಗದಪತ್ರದ ವಿಷಯದಲ್ಲಿ ತುಂಬ ಜನ ಇಸಿ (ಋಣಭಾರ ಪ್ರಮಾಣಪತ್ರ) ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ: ಕ್ರಯ, ಅಡಮಾನ ಇಂಥವು. ರಸ್ತೆ ಅಗಲೀಕರಣದ ಯೋಜನೆ ಅದರಲ್ಲಿ ಕಾಣುವುದಿಲ್ಲ. ರಾಷ್ಟ್ರೀಯ ಹೆದ್ದಾರಿಗೆ ಜಾಗ ತೆಗೆದುಕೊಳ್ಳುವುದು 1956ರ ಹೆದ್ದಾರಿ ಕಾಯ್ದೆಯ ಪ್ರಕಾರ. ಮೊದಲು ಈ ಜಾಗ ಬೇಕು ಎಂದು ಸೆಕ್ಷನ್ 3ಎ ಅಧಿಸೂಚನೆ ಹೊರಡುತ್ತೆ, ಅದರ ಸಾರ ಪತ್ರಿಕೆಗಳಲ್ಲೂ ಬರುತ್ತೆ. ಆಕ್ಷೇಪಣೆಗೆ 21 ದಿನ. ಆಮೇಲೆ 3ಡಿ ಘೋಷಣೆಯಾದರೆ ಜಾಗ ಕೇಂದ್ರ ಸರ್ಕಾರದ್ದು. ನೀವು ನೋಡುತ್ತಿರುವ ಸರ್ವೆ ನಂಬರ್ ಅಂಥ ಪಟ್ಟಿಯಲ್ಲಿ ಇದೆಯಾ ಎಂದು ಭೂಸ್ವಾಧೀನ ಕಚೇರಿಯಲ್ಲಿ ಕೇಳಿ. ಊರ ಹೊರಗೆ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಕಟ್ಟಡ ರೇಖೆ (ಅದರೊಳಗೆ ಕಟ್ಟುವಂತಿಲ್ಲ), 75 ಮೀಟರ್ ನಿಯಂತ್ರಣ ರೇಖೆ (ಅಲ್ಲಿಯವರೆಗೆ ಕಟ್ಟುವುದಕ್ಕೆ ನಿಯಂತ್ರಣ) ಎಂಬ ಮಾರ್ಗಸೂಚಿ ಇದೆ. ನಲವತ್ತು ಮೀಟರ್ ಅಂದರೆ ಸುಮಾರು 130 ಅಡಿ, ಟೇಪ್ ಹಿಡಿದು ನೋಡಿದರೆ ಎಷ್ಟು ಮನೆ ಅದರೊಳಗೆ ಬರುತ್ತವೆ ಅಂತ ಗೊತ್ತಾಗುತ್ತೆ. ನಗರದ ಆಸುಪಾಸಿನಲ್ಲಾದರೆ ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲಾನ್‌ನಲ್ಲಿ ಆ ರಸ್ತೆಗೆ ಎಷ್ಟು ಅಗಲ ಇಟ್ಟಿದ್ದಾರೆ ನೋಡಿ. ಈಗ ಕಣ್ಣಿಗೆ ಕಾಣುವ ಅಗಲಕ್ಕೂ ಅಲ್ಲಿ ಬರೆದ ಅಗಲಕ್ಕೂ ತಾಳೆ ಇರಬೇಕೆಂದಿಲ್ಲ.

ಅಕ್ಕ-ಭಾವ ಈಗ ಶಿವಮೊಗ್ಗದಲ್ಲಿ ಬಾಡಿಗೆಗೆ ಇದ್ದಾರೆ. ಆ ಮನೆಯ ಮುಂದಿನ ಕೋಣೆಗಳನ್ನು ಟಯರ್ ಪಂಕ್ಚರ್ ಅಂಗಡಿಯವರು ಹಿಡಿದಿದ್ದಾರೆ, ಅವರಿಗೆ ಲಾರಿ ನಿಧಾನವಾಗುವ ಜಾಗವೇ ಬೇಕು. ಅಂಗಡಿ, ಹೋಟೆಲ್ ಇಡುವವರಿಗೆ ರಸ್ತೆ ಬದಿಯ ಜಾಗ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ವಾಸಕ್ಕೆ ಅಂತಲೇ ಕೊಳ್ಳುವುದಾದರೆ ಅಡ್ವಾನ್ಸ್ ಕೊಡುವ ಮುಂಚೆ ಹದ್ದುಬಸ್ತು (ಸರ್ವೆಯವರಿಂದ ಗಡಿ ಅಳತೆ) ಮಾಡಿಸಿಕೊಡಿ ಎಂದು ಮಾರುವವರನ್ನೇ ಕೇಳಿ. ಗಡಿ ಗುರುತಿಸಿದ ಮೇಲೆ ಪೋರ್ಟಿಕೋ ಯಾರ ಜಾಗದಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತೆ. "ಅದೆಲ್ಲ ಯಾಕೆ ಸಾರ್, ಇಪ್ಪತ್ತು ವರ್ಷದಿಂದ ಹೀಗೇ ಇದೆ" ಅಂದರೆ ಚೆಕ್‌ಬುಕ್ ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬನ್ನಿ.