ನ್ಯೂಟ್ರಾನ್ ಪರೀಕ್ಷಾ ಸೇವೆ: ಬೀಮು ಚೊಕ್ಕಟ, ಕೇಬಲ್ಲಿನದೇ ತೊಂದರೆ

ನಮ್ಮ ತಂಡ ವಿನ್ಯಾಸಗೊಳಿಸಿದ ನಿಯಂತ್ರಣ ಬೋರ್ಡೊಂದನ್ನು ಈಚೆಗೆ ಒಂದು ವೇಗವರ್ಧಕ ಕೇಂದ್ರದ ನ್ಯೂಟ್ರಾನ್ ಪರೀಕ್ಷಾ ಸೇವೆಗೆ ಒಯ್ದಿದ್ದೆವು. ಬೋರ್ಡನ್ನು ನ್ಯೂಟ್ರಾನುಗಳ ಬೀಮಿಗೆ, ಅಂದರೆ ಕಣಗಳ ಧಾರೆಗೆ, ಒಡ್ಡಿ ಅದರ ಚಿಪ್ಪುಗಳು ಎಷ್ಟು ತಪ್ಪು ಮಾಡುತ್ತವೆಂದು ನೋಡುವ ಸೇವೆ ಅದು. ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಾನುಗಳು ನೆಲದವರೆಗೂ ಇಳಿಯುತ್ತವೆ. ಅವುಗಳಿಗೆ ವಿದ್ಯುದಂಶವಿಲ್ಲದಿದ್ದರೂ, ಚಿಪ್ಪಿನೊಳಗಿನ ಸಿಲಿಕಾನ್ ಪರಮಾಣುವಿನ ಬೀಜಕ್ಕೆ ತಾಗಿದರೆ ಸಿಡಿಯುವ ಚೂರುಗಳು ಬಿಟ್ಟುಹೋಗುವ ವಿದ್ಯುದಂಶವೇ ಮೆಮೊರಿಯ ಒಂದು ಬಿಟ್ಟನ್ನು ಸೊನ್ನೆಯಿಂದ ಒಂದಕ್ಕೆ ಮಗುಚಲು ಸಾಕು. ಈ ಪರೀಕ್ಷೆಗಳಿಗೆ ಆಧಾರವಾಗಿರುವ, ಚಿಪ್ ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಜೆಇಎಸ್‌ಡಿ 89 ಮಾನದಂಡದ ಪ್ರಕಾರ, ನ್ಯೂಯಾರ್ಕಿನ ಸಮುದ್ರಮಟ್ಟದಲ್ಲಿ 10 ಎಂಇವಿಗಿಂತ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ) ಹೆಚ್ಚಿನ ಶಕ್ತಿಯ ನ್ಯೂಟ್ರಾನುಗಳು ಚದರ ಸೆಂಟಿಮೀಟರಿಗೆ ಗಂಟೆಗೆ ಸುಮಾರು 13 ಬೀಳುತ್ತವೆ. ಈ ವೇಗದಲ್ಲಿ ತಪ್ಪುಗಳಿಗಾಗಿ ಕಾಯುತ್ತ ಕೂತರೆ ಉತ್ಪನ್ನದ ಆಯುಸ್ಸೇ ಮುಗಿದೀತು. ಆದ್ದರಿಂದಲೇ ಅಮೆರಿಕದ ಲಾಸ್ ಅಲಾಮೋಸ್, ಬ್ರಿಟನ್ನಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯಗಳಲ್ಲಿ 800 ಎಂಇವಿ ಪ್ರೋಟಾನುಗಳನ್ನು ಟಂಗ್‌ಸ್ಟನ್ನಿಗೆ ಬಡಿಸಿ, ವಾಯುಮಂಡಲದ್ದನ್ನೇ ಹೋಲುವ ನ್ಯೂಟ್ರಾನ್ ಬೀಮನ್ನು ಪಡೆಯುತ್ತಾರೆ. ಎರಡನೆಯದರ ಚಿಪ್‌ಐಆರ್ ಘಟಕದಲ್ಲಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 50 ಲಕ್ಷ ನ್ಯೂಟ್ರಾನುಗಳು ಸಿಗುತ್ತವೆ. ಅಲ್ಲಿನ ಒಂದು ಗಂಟೆ ಹೊರಗಿನ ಒಂದು ಲಕ್ಷ ವರ್ಷಕ್ಕೂ ಮಿಕ್ಕಿದ್ದು.

ನಾವು ಹೋದ ಕೇಂದ್ರದ ಬೀಮಿನ ಬಗ್ಗೆ ತಕರಾರಿಲ್ಲ. ಸಮಯ ಉಳಿಸಲೆಂದು ನಾವು ಎರಡು ಬೋರ್ಡುಗಳನ್ನು ಒಂದರ ಹಿಂದೆ ಒಂದಾಗಿ ನಿಲ್ಲಿಸಿದಾಗ, ಮೊದಲನೆಯದನ್ನು ದಾಟುವಾಗ ಮತ್ತು ಮೂಲದಿಂದ ದೂರ ಸರಿದಂತೆ ಬೀಮು ಎಷ್ಟು ಕ್ಷೀಣಿಸುತ್ತದೆ ಎಂಬ ತಿದ್ದುಪಡಿಯನ್ನು ಅಲ್ಲಿನ ಸಿಬ್ಬಂದಿ ನಾವು ಕೇಳುವ ಮೊದಲೇ ಲೆಕ್ಕ ಹಾಕಿ ಕೊಟ್ಟರು. ಕ್ಯಾಡ್ಮಿಯಮ್ ಹಾಳೆಯನ್ನು ಅಡ್ಡ ಇಟ್ಟೂ ಒಂದು ಸುತ್ತು ನಡೆಸಲು ಹೇಳಿದವರು ಅವರೇ. ಆ ಹಾಳೆ ನಿಧಾನಗತಿಯ ಥರ್ಮಲ್ ನ್ಯೂಟ್ರಾನುಗಳನ್ನು ಹೀರಿಕೊಳ್ಳುವುದರಿಂದ, ಚಿಪ್ಪಿನಲ್ಲಿದ್ದು ಅಂಥ ನ್ಯೂಟ್ರಾನುಗಳನ್ನು ಹಿಡಿದು ಸಿಡಿಯುವ ಬೋರಾನ್-10ರಿಂದಾಗುವ ತಪ್ಪುಗಳ ಪಾಲನ್ನು ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು. ಇಷ್ಟು ಎಚ್ಚರದ ಸಿಬ್ಬಂದಿ ಎಲ್ಲ ಕಡೆಯೂ ಸಿಗುತ್ತಾರೆಂದು ನನಗೆ ನಂಬಿಕೆಯಿಲ್ಲ.

ತೊಂದರೆ ಶುರುವಾದದ್ದು ಕೇಬಲ್ಲಿನಿಂದ. ಕೈಪಿಡಿಯಲ್ಲಿ ನಿಯಂತ್ರಣ ಕೊಠಡಿಯವರೆಗಿನ ದೂರವನ್ನು ನೇರ ಅಳತೆಯಲ್ಲಿ ಕೊಟ್ಟಿದ್ದರು. ಕೇಬಲ್ಲಾದರೋ ಕಾಂಕ್ರೀಟ್ ಗೋಡೆಯ ಸುತ್ತುದಾರಿಯಲ್ಲೇ ಬರಬೇಕು. ನಾವು ಒಯ್ದ ಯುಎಸ್‌ಬಿ ವಿಸ್ತರಣೆ ಅರ್ಧದಾರಿಗೇ ಮುಗಿದು, ಈಥರ್ನೆಟ್ ಪರಿವರ್ತಕವನ್ನು ಎರವಲು ಪಡೆದು ಜೋಡಿಸುವಷ್ಟರಲ್ಲಿ, ಹಣ ತೆತ್ತು ಪಡೆದ ಬೀಮ್ ಸಮಯದ ಒಂದು ಭಾಗ ಕೈಬಿಟ್ಟುಹೋಯಿತು. ಇನ್ನೊಂದು ಎಡವಟ್ಟು ಸಂಪೂರ್ಣ ನಮ್ಮದು. ಬೋರ್ಡಿಗೆ ವಿದ್ಯುತ್ ಕೊಡುವ ಪವರ್ ಸಪ್ಲೈಯನ್ನು ಬೀಮಿನ ದಾರಿಯಿಂದ ಬದಿಗಿಟ್ಟರೆ ಸಾಕೆಂದು ಭಾವಿಸಿದ್ದೆವು, ಆದರೆ ಚದುರಿದ ನ್ಯೂಟ್ರಾನುಗಳಿಂದ ಅದರ ನಿಯಂತ್ರಕವೇ ಸ್ತಬ್ಧವಾಗಿ, ಆ ನಿಲುಗಡೆಗಳೆಲ್ಲ ಬೋರ್ಡಿನ ತಪ್ಪುಗಳ ಲೆಕ್ಕಕ್ಕೆ ಸೇರಿದ್ದವು.

ಕೇಂದ್ರ ಕೊಟ್ಟ ಪರೀಕ್ಷಾ ವರದಿಗೆ ಅರ್ಧ ಅಂಕ ಕಳೆಯುತ್ತೇನೆ. ಬೀಮು ನಿಂತು ಮತ್ತೆ ಬಂದ ಸಮಯಗಳನ್ನು ನಿಮಿಷದ ಲೆಕ್ಕದಲ್ಲಷ್ಟೇ ದಾಖಲಿಸಿದ್ದಾರೆ. ನಮ್ಮ ಲಾಗ್ ಸೆಕೆಂಡಿನದು. ತಪ್ಪುಗಳ ಸಂಖ್ಯೆಯನ್ನು ಚದರ ಸೆಂಟಿಮೀಟರಿಗೆ ಬಿದ್ದ ಒಟ್ಟು ನ್ಯೂಟ್ರಾನುಗಳಿಂದ ಭಾಗಿಸಿ ಕ್ರಾಸ್ ಸೆಕ್ಷನ್ (ನ್ಯೂಟ್ರಾನಿನಿಂದ ತಪ್ಪಾಗುವ ಸಾಧ್ಯತೆಯ ಅಳತೆ) ಪಡೆಯುವಾಗ ಈ ಅಂತರ ಚಿಕ್ಕದೇ ಆದರೂ, ನೂರು ತಪ್ಪು ಎಣಿಸಿದರೂ ಶೇಕಡಾ 10ರಷ್ಟು ಅನಿಶ್ಚಿತತೆ ಉಳಿಯುವ ಈ ಕೆಲಸದಲ್ಲಿ ಅದನ್ನೂ ಯಾಕೆ ಸೇರಿಸಿಕೊಳ್ಳಬೇಕು? ಒಂದೂ ತಪ್ಪು ಕಾಣದ ಭಾಗಗಳಿಗೆ ಸೊನ್ನೆ ಎಂದು ಬರೆಯದೆ, ಶೇಕಡಾ 95ರ ವಿಶ್ವಾಸದಲ್ಲಿ ಮೂರು ತಪ್ಪುಗಳ ಮೇಲ್ಮಿತಿಯನ್ನು ಹಿಡಿಯಿರಿ ಎಂದು ವರದಿ ನೆನಪಿಸಿದ್ದು ಮಾತ್ರ ಮೆಚ್ಚತಕ್ಕದ್ದು.

ಮುಂದಿನ ಸುತ್ತಿಗೂ ಇಲ್ಲಿಗೇ ಅರ್ಜಿ ಹಾಕಿದ್ದೇವೆ. ಬೀಮಿನಲ್ಲಿದ್ದ ಬೋರ್ಡುಗಳೇ ಸ್ವಲ್ಪ ವಿಕಿರಣಶೀಲವಾಗುವುದರಿಂದ ಅವನ್ನು ತಕ್ಷಣ ಕೈಗೆ ಕೊಡುವುದಿಲ್ಲ. ನಮ್ಮವು ಇನ್ನೂ ಅವರ ಉಗ್ರಾಣದ ಕಪಾಟಿನಲ್ಲಿವೆ, ಮಾಪಕದ ಓದು ಮಿತಿಗೆ ಇಳಿದ ಮೇಲೆ ಕಳಿಸುತ್ತಾರಂತೆ.