ಗಂಟೆಗೆ ಆರು ಕಿಲೋಮೀಟರ್‌ಗಿಂತ ಕೆಳಗೆ: ಬೆಂಗಳೂರಿನ ಜಾಮ್‌ಗೆ ಯಾವ ಗೇರ್‌ಬಾಕ್ಸ್?

ಕಾರಿನ ಬ್ರೋಷರ್ ತೆಗೆದರೆ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತೆ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟಿ ಮಾರತ್ತಹಳ್ಳಿ ಕಡೆ ಹೊರಟವರಿಗೆ ಬೇಕಿರೋದು ಸೊನ್ನೆಯಿಂದ ಹತ್ತು, ಮತ್ತೆ ಹತ್ತರಿಂದ ಸೊನ್ನೆ, ಅದೂ ಒಂದೂವರೆ ಗಂಟೆ ಹೊತ್ತು. ಮ್ಯಾನುವಲ್, ಎಎಂಟಿ, ಡಿಸಿಟಿ, ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನೋ ಗೇರ್‌ಬಾಕ್ಸ್‌ಗಳು, ಇವಿ ಅಂದರೆ ಎಲೆಕ್ಟ್ರಿಕ್ ಕಾರು, ಎಲ್ಲವನ್ನೂ ಇದೇ ಔಟರ್ ರಿಂಗ್ ರೋಡಿನಲ್ಲಿ ಓಡಿಸಿ ನೋಡಿದರೆ ಇವುಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗೋದು ಗಂಟೆಗೆ ಆರು ಕಿಲೋಮೀಟರ್‌ಗಿಂತ ಕೆಳಗೆ. ಅದಕ್ಕಿಂತ ಮೇಲೆ ಎಲ್ಲವೂ ಸುಮಾರಾಗಿ ಒಳ್ಳೆಯ ಗಾಡಿಗಳೇ.

ಆರೇ ಯಾಕೆ ಅಂದರೆ ಲೆಕ್ಕ ಸುಲಭ. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ, ನಿಮಿಷಕ್ಕೆ ಸುಮಾರು 800 ಸುತ್ತು (ಆರ್‌ಪಿಎಂ) ತಿರುಗುತ್ತೆ. ಒಂದನೇ ಗೇರು, ಫೈನಲ್ ಡ್ರೈವ್ ಎರಡೂ ಸೇರಿ ಎಂಜಿನ್ 14–15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರಿನ ಸುತ್ತಳತೆ 1.85 ಮೀಟರ್ ಹತ್ತಿರ. ಗುಣಿಸಿ ನೋಡಿ, ಗಂಟೆಗೆ ಸುಮಾರು 6 ಕಿ.ಮೀ. ಬರುತ್ತೆ. ಕ್ಲಚ್ ಪೂರ್ತಿ ಕಚ್ಚಿಕೊಂಡಿರುವಾಗ ಗಾಡಿ ಇದಕ್ಕಿಂತ ನಿಧಾನ ಹೋಗಲಾರದು, ಹೋಗಿಸಿದರೆ ಎಂಜಿನ್ ಆಫ್. ಅದಕ್ಕಿಂತ ನಿಧಾನ ಹೋಗಬೇಕಾದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಏನೋ ಒಂದು ಜಾರಲೇಬೇಕು. ಯಾವುದು ಜಾರುತ್ತೆ, ಅದು ಸವೆಯುತ್ತೋ ಇಲ್ಲವೋ ಅನ್ನೋದರಲ್ಲೇ ಎಲ್ಲ ಇದೆ.

ಸರಾಸರಿ ವೇಗ ಇಲ್ಲಿ ದಾರಿ ತಪ್ಪಿಸುತ್ತೆ. 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ.ಗೆ 29 ನಿಮಿಷ 10 ಸೆಕೆಂಡ್, ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಕೇಳೋಕೆ ಪರವಾಗಿಲ್ಲ ಅನ್ಸುತ್ತೆ. ಆದರೆ ಯಾರೂ ಸಮವಾಗಿ ಇಪ್ಪತ್ತರಲ್ಲಿ ಹೋಗೋದಿಲ್ಲ. ಫ್ಲೈಓವರ್ ಮೇಲೆ ಐವತ್ತು, ಇಳಿದ ಕೂಡಲೇ ಮೂರು. ಗೇರ್‌ಬಾಕ್ಸ್ ಸವೆಯೋದು ಆ ಮೂರರಲ್ಲಿ.

ಮ್ಯಾನುವಲ್

ಇದರಲ್ಲಿ ಜಾರುವ ಕೆಲಸ ನಿಮ್ಮ ಎಡಗಾಲಿನದು, ಸವೆಯೋದು ಕ್ಲಚ್ ಪ್ಲೇಟು. ಗಾಡಿ ಅಗ್ಗ, ಯಾವ ಊರಿನ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತೆ, ಮೈಲೇಜ್ ನಿಮ್ಮ ಕೈಯಲ್ಲೇ ಇರುತ್ತೆ. ಜಾಮ್‌ನಲ್ಲಿ ಸರಿಯಾದ ಕ್ರಮ ಒಂದೇ: ಮುಂದೆ ಎರಡು ಕಾರಿನಷ್ಟು ಜಾಗ ಆಗೋವರೆಗೆ ನ್ಯೂಟ್ರಲ್‌ನಲ್ಲಿ ನಿಂತಿರಿ, ಆಮೇಲೆ ಒಂದನೇ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಡಿ, ಆಕ್ಸಿಲರೇಟರ್ ಮುಟ್ಟದೆ ಆ ಆರರ ವೇಗದಲ್ಲೇ ಉರುಳಲಿ, ಮತ್ತೆ ಕ್ಲಚ್ ತುಳಿದು ಬ್ರೇಕ್. ಪ್ರತಿ ಎರಡು ಅಡಿಗೂ ಹಾಫ್ ಕ್ಲಚ್‌ನಲ್ಲಿ ತೆವಳುವವರ ಪ್ಲೇಟ್ ನಲವತ್ತು ಸಾವಿರ ಕಿಲೋಮೀಟರ್‌ಗೆ ಮುಗಿದರೆ ಆಶ್ಚರ್ಯವಿಲ್ಲ. ಹೀಗೆ ಜಾಗ ಬಿಟ್ಟು ಓಡಿಸುವವರದು ಅದರ ಎರಡರಷ್ಟು ಬಂದರೂ ಬರುತ್ತೆ.

ಪ್ಲೇಟ್ ಹೋಗಿದೆಯಾ ಅಂತ ನೋಡೋಕೆ ಹೆಬ್ಬಾಳದಂಥ ಫ್ಲೈಓವರ್ ಏರಿನಲ್ಲಿ ಮೂರನೇ ಗೇರು, ನಲವತ್ತರ ವೇಗ, ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರ್ತಿದೆ ಅಂತಲೇ ಅರ್ಥ. ಪೆಡಲ್ ದಿನೇ ದಿನೇ ಗಟ್ಟಿಯಾಗೋದೂ ಇದರದೇ ಮುನ್ಸೂಚನೆ.

ಎಎಂಟಿ

ಎಎಂಟಿ ಅಂದರೆ ಕೈಯಲ್ಲಿ ಮಾಡ್ತಿದ್ದ ಕೆಲಸಕ್ಕೆ ಬರೆದ ಸ್ಕ್ರಿಪ್ಟ್, ಒಳಗಿನ ಸಿಸ್ಟಮ್ ಹಳೆಯದೇ. ಅದೇ ಮ್ಯಾನುವಲ್ ಗೇರ್‌ಬಾಕ್ಸ್, ಅದೇ ಒಂಟಿ ಒಣ ಕ್ಲಚ್. ತುಳಿಯೋಕೆ ಮತ್ತು ಗೇರ್ ಬದಲಿಸೋಕೆ ಮಾತ್ರ ಆಕ್ಚುಯೇಟರ್ ಅನ್ನೋ ಯಂತ್ರದ ಕೈ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಇದು ನಮ್ಮಲ್ಲಿ ಜನಸಾಮಾನ್ಯರ ಕೈಗೆ ಬಂತು. ಮ್ಯಾನುವಲ್‌ಗಿಂತ ಸುಮಾರು ಐವತ್ತು ಸಾವಿರ ಜಾಸ್ತಿ, ಮೈಲೇಜ್ ಹೆಚ್ಚುಕಮ್ಮಿ ಮ್ಯಾನುವಲ್‌ನದ್ದೇ. ಎಡಗಾಲಿಗೆ ರಜೆ ಬೇಕು, ಬಜೆಟ್ ಇಲ್ಲ ಅನ್ನುವವರಿಗೆ ಬೇರೆ ದಾರಿ ಇಲ್ಲ.

ಒಂದರಿಂದ ಎರಡಕ್ಕೆ ಬದಲಾಗುವಾಗ ಶಕ್ತಿ ಒಂದು ಕ್ಷಣ ನಿಂತು, ಕೂತವರೆಲ್ಲ ಒಟ್ಟಿಗೆ ತಲೆಯಾಡಿಸ್ತಾರೆ. ಜಾಮ್‌ನಲ್ಲಿ ವೇಗ ಹತ್ತು–ಹದಿನೈದರ ಸುತ್ತಲೇ ಇರೋದರಿಂದ ಅದು ಎರಡಕ್ಕೆ ಹೋಗೋದು, ತಕ್ಷಣ ಒಂದಕ್ಕೆ ಬೀಳೋದು ನಡೀತಾನೇ ಇರುತ್ತೆ. ಇದಕ್ಕೆ ಮದ್ದು ಲಿವರ್‌ನಲ್ಲೇ ಇದೆ. ಎಂ (ಮ್ಯಾನುವಲ್) ಕಡೆಗೆ ತಳ್ಳಿ ಒಂದರಲ್ಲೇ ಇಟ್ಟುಕೊಳ್ಳಿ, ರಸ್ತೆ ಬಿಚ್ಚಿಕೊಂಡ ಮೇಲೆ ಡಿ (ಡ್ರೈವ್). ಡಿ ಯಲ್ಲೇ ಇದ್ದರೂ ಗೇರ್ ಬದಲಾಗುವ ಹೊತ್ತಿಗೆ ಕಾಲನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ತಲೆಯಾಟ ಅರ್ಧ ಕಡಿಮೆ.

ಏರಿನಲ್ಲಿ ಇನ್ನೊಂದು ಪೇಚು. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿಯೋದರೊಳಗೆ ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿಯನ್ನು ಒಂದು ಕ್ಷಣ ತಾನೇ ಹಿಡಿದಿಡೋ ಸೌಲಭ್ಯ) ಇಲ್ಲದ ಗಾಡಿ ಹಿಂದೆ ಸರಿಯುತ್ತೆ, ಹಿಂದಿನ ಆಟೋದವರು ಒಂದಡಿ ಜಾಗವನ್ನೂ ಬಿಟ್ಟಿರೋದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಎಳೆಯೋದು ಗೊತ್ತಾದ ಮೇಲೆ ಬಿಡಿ. ಆಕ್ಸಿಲರೇಟರ್‌ನಿಂದಲೇ ಏರಿನಲ್ಲಿ ಗಾಡಿ ನಿಲ್ಲಿಸಿಕೊಳ್ಳೋ ಅಭ್ಯಾಸ ಮಾತ್ರ ಬೇಡ. ಎರಡು ನಿಮಿಷದಲ್ಲಿ ಸುಟ್ಟ ವಾಸನೆ, ಆಮೇಲೆ ಬೀಪ್.

ಸಿಗ್ನಲ್ ಒಂದು ನಿಮಿಷಕ್ಕಿಂತ ಹೆಚ್ಚಿದ್ದರೆ ನ್ಯೂಟ್ರಲ್‌ಗೆ ಹಾಕಿ. ಡಿ ಯಲ್ಲಿ ನಿಂತಷ್ಟು ಹೊತ್ತೂ ಆಕ್ಚುಯೇಟರ್ ಕ್ಲಚ್ಚನ್ನು ಒತ್ತಿ ಹಿಡಿದಿರುತ್ತೆ, ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಮೇಲೆ ಭಾರ. ಹೈಡ್ರಾಲಿಕ್ ಆಕ್ಚುಯೇಟರ್ ಇರುವ ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ ‘ಝುಂಯ್’ ಅಂತ ಸದ್ದು ಕೇಳುತ್ತೆ. ಪಂಪ್ ಒತ್ತಡ ತುಂಬಿಕೊಳ್ತಿದೆ, ಅಷ್ಟೇ, ಗಾಬರಿ ಬೇಡ. ಆ ಸದ್ದು ಎಳೆದಂತೆ ಸೋತು ಬಂದರೆ ಮಾತ್ರ ಮೊದಲು 12 ವೋಲ್ಟ್ ಬ್ಯಾಟರಿ ನೋಡಿಸಿ. ಬ್ಯಾಟರಿ ಸೊರಗಿದರೆ ಎಎಂಟಿಗೆ ಗೇರೇ ಬೀಳೋದಿಲ್ಲ, ತಳ್ಳಿ ಸ್ಟಾರ್ಟ್ ಮಾಡೋ ಅವಕಾಶವೂ ಇಲ್ಲ. ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಹೊಸ ಪ್ಲೇಟ್ ಎಲ್ಲಿ ಕಚ್ಚುತ್ತೆ ಅನ್ನೋದನ್ನ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಆ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಎಎಂಟಿ ಕ್ಲಚ್ ಕೆಲಸ ಮಾಡಿಸಬೇಡಿ.

ಡಿಸಿಟಿ

ರಸ್ತೆ ಖಾಲಿ ಇದ್ದರೆ ಇದರ ಮುಂದೆ ಯಾವುದೂ ಇಲ್ಲ. ಎರಡು ಕ್ಲಚ್, ಒಂದು ಗೇರ್ ಓಡ್ತಿರುವಾಗಲೇ ಮುಂದಿನದು ಸಿದ್ಧ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿದವರು ಅಲ್ಲೇ ಬುಕಿಂಗ್ ಮಾಡಿಬಿಡ್ತಾರೆ.

ಇಬ್ಬಲೂರಿನಲ್ಲಿ ನಿಂತ ಮೇಲೆ ಬೇರೆಯದೇ ಕಥೆ. ಬ್ರೇಕ್ ಅರ್ಧ ಒತ್ತಿ ಮೂರರ ವೇಗದಲ್ಲಿ ತೆವಳುತ್ತಿದ್ದರೆ ಒಂದನೇ ಗೇರಿನ ಕ್ಲಚ್ ಒಂದೇ ಸಮನೆ ಜಾರ್ತಿರುತ್ತೆ. ಒಣ ಕ್ಲಚ್ ಆದರೆ ಆ ಬಿಸಿ ಹೋಗೋಕೆ ಗಾಳಿ ಬಿಟ್ಟರೆ ದಾರಿ ಇಲ್ಲ, ನಿಂತ ಗಾಡಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಬಿಸಿ ಏರಿದ ಹಾಗೆ ಮೊದಲು ನಡುಕ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ. ಬಂದರೆ ಪಕ್ಕಕ್ಕೆ ಹಾಕಿ, ಪಿ (ಪಾರ್ಕ್) ಯಲ್ಲಿಟ್ಟು, ಎಂಜಿನ್ ಆಫ್ ಮಾಡದೆ ಸಂದೇಶ ಹೋಗೋವರೆಗೆ ಕಾಯಬೇಕು. ಔಟರ್ ರಿಂಗ್ ರೋಡಿನಲ್ಲಿ ‘ಪಕ್ಕ’ ಅನ್ನೋದು ಎಲ್ಲಿದೆ ಅಂತ ಮಾತ್ರ ಗಾಡಿ ಜತೆ ಕೊಡುವ ಪುಸ್ತಕದಲ್ಲಿ ಬರೆದಿರೋದಿಲ್ಲ.

ಇದರ ಜತೆ ಸಣ್ಣ ಟರ್ಬೊ ಎಂಜಿನ್ ಸೇರಿದರೆ ಇನ್ನೊಂದು ತೊಡಕು. 1,500 ಆರ್‌ಪಿಎಂ ಕೆಳಗೆ ಅದರಲ್ಲಿ ಹೇಳಿಕೊಳ್ಳುವಂಥ ಎಳೆತ ಇಲ್ಲ. ಜಾಗ ಸಿಕ್ಕಿತು ಅಂತ ತುಳಿದರೆ ಮೊದಲು ಏನೂ ಆಗೋದಿಲ್ಲ, ಆಮೇಲೆ ಒಮ್ಮೆಲೇ ಹಾರುತ್ತೆ.

ಡಿಸಿಟಿ ಕೊಂಡಿದ್ದರೆ ಮ್ಯಾನುವಲ್‌ನ ಶಿಸ್ತನ್ನೇ ಇಲ್ಲೂ ಪಾಲಿಸಿ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಆಗ ಕ್ಲಚ್ ಪೂರ್ತಿ ಬಿಟ್ಟುಕೊಳ್ಳುತ್ತೆ. ಜಾಗ ಆಗಲಿ, ಬ್ರೇಕ್ ಪೂರ್ತಿ ಬಿಟ್ಟು ಏಳೆಂಟರ ವೇಗ ಮುಟ್ಟಿಸಿ, ಮತ್ತೆ ಪೂರ್ತಿ ನಿಲ್ಲಿಸಿ. ಆ ಜಾಗಕ್ಕೆ ಮೂರು ಬೈಕು, ಒಂದು ಆಟೋ ನುಗ್ಗುತ್ತವೆ, ನುಗ್ಗಲಿ ಬಿಡಿ, ಕ್ಲಚ್ ಬೆಲೆಗಿಂತ ಅದು ಅಗ್ಗ. ಎಣ್ಣೆಯಲ್ಲಿ ಮುಳುಗಿದ ವೆಟ್ ಕ್ಲಚ್ ಇರೋ ಡಿಸಿಟಿ ಬಿಸಿ ವಿಷಯದಲ್ಲಿ ಬಹಳ ವಾಸಿ. 2022ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡಿಸಿಎ ಈ ಜಾತಿಯದು. ಶೋರೂಮಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಡ್ರೈ ಕ್ಲಚ್ಚಾ, ವೆಟ್ ಕ್ಲಚ್ಚಾ ಅಂತ. ಸೇಲ್ಸ್‌ನವರಿಗೇ ಗೊತ್ತಿಲ್ಲದಿದ್ದರೆ ಸರ್ವಿಸ್ ಕಡೆ ಹೋಗಿ ಕೇಳಿ.

ಟಾರ್ಕ್ ಕನ್ವರ್ಟರ್, ಸಿವಿಟಿ

ಟಾರ್ಕ್ ಕನ್ವರ್ಟರ್ ಅಂದರೆ ಹಳೇ ಮಾದರಿಯ ಆಟೋಮ್ಯಾಟಿಕ್, ಸಿವಿಟಿಯಲ್ಲಿ ಗೇರುಗಳ ಬದಲು ಬೆಲ್ಟು ಮತ್ತು ಪುಲ್ಲಿ. ಎರಡನ್ನೂ ಒಟ್ಟಿಗೆ ಹೇಳಬಹುದು, ಯಾಕಂದರೆ ಆರರ ಕೆಳಗೆ ಎರಡರಲ್ಲೂ ಜಾರೋದು ಎಣ್ಣೆ. ನಮ್ಮಲ್ಲಿ ಮಾರಾಟವಾಗುವ ಹೊಸ ಕಾಲದ ಸಿವಿಟಿಗಳ ಮುಂದೆ ಸಾಮಾನ್ಯವಾಗಿ ಒಂದು ಟಾರ್ಕ್ ಕನ್ವರ್ಟರೇ ಕೂತಿರುತ್ತೆ. ಎಂಜಿನ್ ಕಡೆಯ ಫ್ಯಾನು ಎಣ್ಣೆ ತಳ್ಳುತ್ತೆ, ಆ ಎಣ್ಣೆ ಚಕ್ರದ ಕಡೆಯ ಫ್ಯಾನನ್ನು ತಿರುಗಿಸುತ್ತೆ. ಒಂದಕ್ಕೊಂದು ಉಜ್ಜೋದಿಲ್ಲ, ಹಾಗಾಗಿ ತೆವಳುವಾಗ ಸವೆಯೋದಕ್ಕೆ ಏನೂ ಇಲ್ಲ. ಬ್ರೇಕ್ ಮೇಲೆ ಪಾದ ಆಡಿಸಿಕೊಂಡು ಬೆಳ್ಳಂದೂರಿನಿಂದ ಟಿನ್ ಫ್ಯಾಕ್ಟರಿವರೆಗೆ ಹೋಗಿಬಿಡಬಹುದು. ಬೆಂಗಳೂರಿನ ಪೆಟ್ರೋಲ್ ಕಾರಿಗೆ ನನ್ನ ಓಟು ಇದಕ್ಕೇ.

ತೆರಬೇಕಾದ ಬೆಲೆ ಎರಡು. ಮ್ಯಾನುವಲ್‌ಗಿಂತ ಲಕ್ಷದಿಂದ ಒಂದೂವರೆ ಲಕ್ಷ ಹೆಚ್ಚು ಹಣ, ಮತ್ತೆ ಟಾರ್ಕ್ ಕನ್ವರ್ಟರ್‌ನಲ್ಲಿ ಜಾಮ್ ಮೈಲೇಜ್ ಸ್ವಲ್ಪ ಕಡಿಮೆ. ಸಿವಿಟಿ ಈ ಎರಡನೆಯದರಲ್ಲಿ ಮೇಲು. ಆದರೆ ಫ್ಲೈಓವರ್ ಏರಿನಲ್ಲಿ ಗಟ್ಟಿ ತುಳಿದರೆ ಎಂಜಿನ್ ಕಿರುಚಿಕೊಳ್ಳುತ್ತೆ, ವೇಗ ಆಮೇಲೆ ನಿಧಾನಕ್ಕೆ ಬರುತ್ತೆ. ಕಾಲು ಹಗುರ ಇದ್ದವರಿಗೆ ಇದು ಗೊತ್ತೇ ಆಗೋದಿಲ್ಲ.

ಎಣ್ಣೆ ವಿಷಯದಲ್ಲಿ ಮಾತ್ರ ಹುಷಾರು. ಸಿವಿಟಿಗೆ ಕಂಪನಿ ಹೇಳಿದ ಫ್ಲೂಯಿಡ್ ಬಿಟ್ಟು ಬೇರೆ ಹಾಕಿಸಿದರೆ ಒಳಗಿನ ಉಕ್ಕಿನ ಬೆಲ್ಟು ಪುಲ್ಲಿ ಮೇಲೆ ಜಾರಿ ಗೀರು ಬೀಳುತ್ತೆ, ಆಮೇಲೆ ಇಡೀ ಬಾಕ್ಸೇ ಬದಲು. 40,000 ಕಿ.ಮೀ. ಸುಮಾರಿಗೆ ಬದಲಿಸೋದು ಒಳ್ಳೆಯದು. ಟಾರ್ಕ್ ಕನ್ವರ್ಟರ್ ಎಣ್ಣೆಯನ್ನು ಕೆಲವರು ‘ಲೈಫ್‌ಟೈಮ್’ ಅಂತಾರೆ. ಆ ಮಾತು ಹೈವೇಗೆ ಸರಿ ಇರಬಹುದು, ಇಲ್ಲಿ 60,000–80,000ದೊಳಗೆ ಬದಲಿಸಿ.

ಸ್ಟ್ರಾಂಗ್ ಹೈಬ್ರಿಡ್‌ಗಳು, ಅಂದರೆ ಪೆಟ್ರೋಲ್ ಎಂಜಿನ್ ಜತೆ ಎಲೆಕ್ಟ್ರಿಕ್ ಮೋಟಾರೂ ಇರೋ, 2022ರಲ್ಲಿ ಬಂದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಸಿಟಿ ಇ‌ಎಚ್‌ಇವಿ, ಜಾಮ್‌ನಲ್ಲಿ ಮೋಟಾರ್ ಮೇಲೆ ತೆವಳುತ್ತವೆ. ತೆವಳೋಕೆ ಕ್ಲಚ್ ಜಾರಿಸೋ ಪ್ರಮೇಯವೇ ಇಲ್ಲ. ಹೈರೈಡರ್‌ನ ಬ್ಯಾಟರಿ ಒಂದು ಯೂನಿಟ್ಟಿಗಿಂತ ಕಡಿಮೆ, 0.76 ಕಿಲೋವ್ಯಾಟ್ ಅವರ್. ಎಸಿ ಹಾಕಿ ನಿಂತರೆ ಎಂಜಿನ್ ಆಗಾಗ ತಾನೇ ಎದ್ದು ತುಂಬಿಸಿಕೊಳ್ಳುತ್ತೆ. ಡಿಕ್ಕಿ ಚಿಕ್ಕದು, ಬೆಲೆ ದೊಡ್ಡದು.

ಇವಿ

ಜಾಮ್‌ಗೆಂದೇ ಮಾಡಿದ ಹಾಗಿದೆ. ಮೋಟಾರ್ ಸೊನ್ನೆ ಆರ್‌ಪಿಎಂನಿಂದಲೇ ಪೂರ್ತಿ ಎಳೆಯುತ್ತೆ, ಹಾಗಾಗಿ ಆರರ ಗೆರೆಯೇ ಇದಕ್ಕೆ ಅನ್ವಯಿಸೋದಿಲ್ಲ. ನಿಂತಾಗ ಖರ್ಚಾಗೋದು ಎಸಿಗೆ ಮಾತ್ರ, ಗಂಟೆಗೆ ಸುಮಾರು ಒಂದು ಯೂನಿಟ್. 30 ಯೂನಿಟ್ ಬ್ಯಾಟರಿಯಲ್ಲಿ ಅದು ಮೂರು ಪರ್ಸೆಂಟ್ ಚಿಲ್ಲರೆ, ಹಣದಲ್ಲಿ ಹೇಳಿದರೆ ಆರೇಳು ರೂಪಾಯಿ. ಪೆಟ್ರೋಲ್ ಗಾಡಿ ಎಸಿ ಹಾಕಿಕೊಂಡು ಅಷ್ಟೇ ಹೊತ್ತು ನಿಂತರೆ ಒಂದು ಲೀಟರ್ ಆಸುಪಾಸು ಕುಡಿಯುತ್ತೆ.

ರೀಜೆನ್, ಅಂದರೆ ಕಾಲು ತೆಗೆದಾಗ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸೋದು, ಅದರ ಮಟ್ಟವನ್ನು ರಸ್ತೆ ನೋಡಿ ಬದಲಿಸಿ. ಒತ್ತೊತ್ತಾದ ಜಾಮ್‌ನಲ್ಲಿ ಗರಿಷ್ಠ ಇಟ್ಟರೆ ಪಾದ ಅಲುಗಿದಾಗೆಲ್ಲ ಗಾಡಿ ಜಗ್ಗುತ್ತೆ, ಹಿಂದೆ ಕೂತವರಿಗೆ ವಾಕರಿಕೆ ಬರುತ್ತೆ. ಅಲ್ಲಿ ಕಡಿಮೆ, ಫ್ಲೈಓವರ್ ಇಳಿಯುವಾಗ ಜಾಸ್ತಿ. ಬ್ಯಾಟರಿ 100 ತುಂಬಿದ್ದಾಗ ರೀಜೆನ್ ಸರಿಯಾಗಿ ಹಿಡಿಯೋದಿಲ್ಲ, ಬೆಳಿಗ್ಗೆ ಮೊದಲ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿರಲಿ.

ತೊಂದರೆ ಇರೋದು ಗಾಡಿಯಲ್ಲಲ್ಲ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ. ಬೇಸ್‌ಮೆಂಟ್ ಪಾರ್ಕಿಂಗ್‌ವರೆಗೆ ನಿಮ್ಮ ಮೀಟರಿನಿಂದ ಪ್ರತ್ಯೇಕ ಕೇಬಲ್, ಅದಕ್ಕೇ ಒಂದು ಎಂಸಿಬಿ, ಸರಿಯಾದ ಅರ್ಥಿಂಗ್, 16 ಆಂಪ್ ಸಾಕೆಟ್, ಇಷ್ಟಕ್ಕೆ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಗಾಡಿ ಬುಕ್ ಮಾಡಿ. ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ 30 ಯೂನಿಟ್ ತುಂಬೋಕೆ ಹತ್ತು ಗಂಟೆ, ರಾತ್ರಿ ಸಾಕು. ಸಾಕೆಟ್ ಇಲ್ಲದೆ ಹೊರಗಿನ ಚಾರ್ಜರ್ ನೆಚ್ಚಿಕೊಂಡು ಇವಿ ಕೊಳ್ಳೋದಾದರೆ ಟಾರ್ಕ್ ಕನ್ವರ್ಟರೇ ವಾಸಿ.

ಇನ್ನು ಅಡಾಸ್, ಅಂದರೆ ಓಡಿಸೋಕೆ ನೆರವಾಗೋ ಎಲೆಕ್ಟ್ರಾನಿಕ್ ವ್ಯವಸ್ಥೆ. ಮುಂದಿನ ಗಾಡಿ ನೋಡಿಕೊಂಡು ತಾನೇ ನಿಂತು ಹೊರಡುವ ಅಡಾಪ್ಟಿವ್ ಕ್ರೂಸ್ ಕಾಗದದ ಮೇಲೆ ಜಾಮ್‌ಗೆ ಪರಿಹಾರ. ಇಲ್ಲಿ ಅದು ಅಂತರ ಬಿಡುತ್ತೆ, ಬೈಕ್ ನುಗ್ಗುತ್ತೆ, ಗಾಡಿ ಗಕ್ಕನೆ ನಿಲ್ಲುತ್ತೆ, ಮತ್ತೆ ಅಂತರ ಬಿಡುತ್ತೆ. ಅದಕ್ಕೆ ಕೊಡುವ ದುಡ್ಡಿನಲ್ಲಿ ಆಟೋ ಹೋಲ್ಡ್ ಇರುವ ವೇರಿಯಂಟ್ ಸಿಕ್ಕರೆ ಅದನ್ನು ತಗೊಳ್ಳಿ. ಯಾವ ಆಟೋಮ್ಯಾಟಿಕ್ ಆದರೂ ಸಿಗ್ನಲ್‌ನಲ್ಲಿ ಬ್ರೇಕ್‌ನಿಂದ ಕಾಲು ತೆಗೆಯೋಕಾಗೋದು ನಿತ್ಯ ಉಪಯೋಗಕ್ಕೆ ಬರುವ ಸಂಗತಿ.

ಪೆಟ್ರೋಲ್ ಗಾಡಿಯ ಬೆಲೆ ಹೋಲಿಸುವಾಗ ಎಕ್ಸ್‌ಶೋರೂಮ್ ಅಂಕಿ ಮಾತ್ರ ನೋಡಬೇಡಿ. ಕರ್ನಾಟಕದಲ್ಲಿ ಆಜೀವ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ 14 ಪರ್ಸೆಂಟ್, ಹತ್ತರಿಂದ ಇಪ್ಪತ್ತರವರೆಗೆ 17, ಅದರ ಮೇಲೆ ಸೆಸ್ ಬೇರೆ. ಮ್ಯಾನುವಲ್ 9.6 ಲಕ್ಷ, ಆಟೋಮ್ಯಾಟಿಕ್ 10.2 ಲಕ್ಷ ಇದೆ ಅಂದುಕೊಳ್ಳಿ. ತೆರಿಗೆ 1,34,400ರಿಂದ 1,73,400ಕ್ಕೆ ಹಾರುತ್ತೆ, ಅರವತ್ತು ಸಾವಿರದ ವ್ಯತ್ಯಾಸ ಕೈಗೆ ಬರುವಾಗ ಲಕ್ಷ ಆಗಿರುತ್ತೆ. ಒಂದು ವೇರಿಯಂಟ್ ಕೆಳಗಿಳಿದು ಹತ್ತರೊಳಗೆ ಆಟೋಮ್ಯಾಟಿಕ್ ಸಿಗುತ್ತಾ ಅಂತ ನೋಡಿ.

ಟೆಸ್ಟ್ ಡ್ರೈವ್‌ಗೆ ಬೆಳಿಗ್ಗೆ ಹನ್ನೊಂದಕ್ಕೆ ಕರೀತಾರೆ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸ್ತಾರೆ. ಅದು ಬೇಡ. ಎಸಿ ಪೂರ್ತಿ ಹಾಕಿ, ನಾಲ್ಕು ಜನ ಕೂತು, ಸಂಜೆ ಆರಕ್ಕೆ ಅರ್ಧ ಗಂಟೆ ತೆವಳಿಸಿ. ಆಮೇಲೆ ಯಾವುದಾದರೂ ಬೇಸ್‌ಮೆಂಟ್ ರ‍್ಯಾಂಪಿನ ನಡುವೆ ನಿಲ್ಲಿಸಿ, ಮೊದಲು ಮುಂದಕ್ಕೆ ಹೊರಡಿಸಿ, ಮತ್ತೆ ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತಿಸಿ. ಎಎಂಟಿ, ಡ್ರೈ ಡಿಸಿಟಿಗಳ ನಿಜವಾದ ಬಣ್ಣ ಈ ರಿವರ್ಸ್‌ನಲ್ಲಿ ಬಯಲಾಗುತ್ತೆ. ಆ ಹೊತ್ತಿಗೆ ಗಾಡಿ ಕೊಡಲ್ಲ ಅಂದರೆ ಅದೇ ಮಾಡೆಲ್‌ನ ಕಪ್ಪು ಪ್ಲೇಟಿನ ಸೆಲ್ಫ್ ಡ್ರೈವ್ ಕಾರೊಂದನ್ನು ಶುಕ್ರವಾರಕ್ಕೆ ಬಾಡಿಗೆಗೆ ತಗೊಳ್ಳಿ. ಒಂದು ದಿನದ ಬಾಡಿಗೆ ಒಂದು ಕ್ಲಚ್ ಪ್ಲೇಟಿಗಿಂತ ಕಡಿಮೆ.